ಹೆಸರೇ ಕೇಳದ ಹರಳನ್ನ ಯಾರಿಗೆ ಮಾರೋದು?

ಪ್ರಶ್ನೆ: ಸರ್, ಆರು ವರ್ಷದಿಂದ ಅಪರೂಪದ ಹರಳು ಕೂಡಿಡ್ತಾ ಬಂದಿದೀನಿ. ಬೆನಿಟೊಯಿಟ್, ಸ್ಫೀನ್, ಸ್ಫಾಲರೈಟ್, ಒಂದು ಚಿಕ್ಕ ಟಾಫೈಟ್ ಕೂಡ ಇದೆ. ಈಗ ಸ್ವಲ್ಪ ದುಡ್ಡು ಬೇಕಾಯ್ತು ಅಂತ ಮಾರೋಕೆ ಹೋದ್ರೆ ಆಭರಣದ ಅಂಗಡಿಯವರು ಈ ಹೆಸರೇ ಕೇಳಿಲ್ಲ ಅಂತಾರೆ, ಒಬ್ರಂತೂ ಗಾಜಿನ ರೇಟಿಗೆ ಕೇಳಿದ್ರು. ವಜ್ರಕ್ಕಿಂತ ಎಷ್ಟೋ ಪಾಲು ಅಪರೂಪ ಅಂತ ಹೇಳಿ ತಾನೇ ನನಗೆ ಮಾರಿದ್ದು, ಅದು ಸುಳ್ಳಾ?

ಉತ್ತರ: ಸುಳ್ಳಲ್ಲ, ಆದ್ರೆ ಅರ್ಧ ಮಾತು ಅಷ್ಟೇ. ನಿಮ್ಮ ಹರಳು ವಜ್ರಕ್ಕಿಂತ ಅಪರೂಪ ಅನ್ನೋದು ನಿಜ, ಅದನ್ನ ಬೇಕು ಅನ್ನೋರು ಅದಕ್ಕಿಂತ ಅಪರೂಪ ಅನ್ನೋದೂ ನಿಜ, ಎರಡನೇದನ್ನ ಮಾರೋವಾಗ ಯಾರೂ ಹೇಳಲ್ಲ. ಅಂಗಡಿಯವರ ಮೇಲೆ ಬೇಜಾರು ಮಾಡ್ಕೋಬೇಡಿ. ಅವ್ರಿಗೆ ಬೇಕಾಗಿರೋದು ಉಂಗುರದಲ್ಲಿ ಕೂರಿಸಿದ್ರೆ ದಿನಾ ಹಾಕ್ಕೊಂಡು ಓಡಾಡಿದ್ರೂ ಗೀರು ಬೀಳದ ಕಲ್ಲು, ಗಿರಾಕಿ ಹೆಸರು ಹೇಳಿ ಕೇಳೋ ಕಲ್ಲು, ಒಂದು ಮಾರಿದ್ರೆ ಅದೇ ಥರದ ಇನ್ನೊಂದು ಸಿಗೋ ಕಲ್ಲು. ನಿಮ್ಮ ಸ್ಫಾಲರೈಟ್‌ನೇ ತಗೊಳ್ಳಿ, ಬೆಳಕನ್ನ ಬಣ್ಣಬಣ್ಣವಾಗಿ ಒಡೆಯೋ ಶಕ್ತಿ ವಜ್ರದ್ದು 0.044 ಆದ್ರೆ ಇದರದ್ದು 0.156, ಮೂರು ಪಟ್ಟಿಗಿಂತ ಜಾಸ್ತಿ, ದೀಪದ ಕೆಳಗೆ ಹಿಡಿದ್ರೆ ಬೆಂಕಿ ಕಾರತ್ತೆ. ಆದ್ರೆ ಗಡಸುತನ ಹತ್ತರ ಅಳತೆಯಲ್ಲಿ ಬರೀ 3.5ರಿಂದ 4, ಜೊತೆಗೆ ಆರು ದಿಕ್ಕಲ್ಲಿ ಸೀಳೋ ಸ್ವಭಾವ, ಉಂಗುರಕ್ಕೆ ಕೂರಿಸೋವಾಗ್ಲೇ ಬಿರುಕು ಬಿಡಬಹುದು. ಸತುವಿನ ಅದಿರು ಅಂತ ಗಣಿಗಳಲ್ಲಿ ಟನ್ನುಗಟ್ಟಲೆ ತೆಗೆಯೋ ಖನಿಜ ಇದೇನೇ, ಅದರೊಳಗೆ ಪಾರದರ್ಶಕವಾಗಿ, ಸಾಣೆ ಹಿಡಿಯೋ ಹಾಗೆ ಸಿಗೋದು ಕಮ್ಮಿ. ಇದನ್ನ ಕೇಳಿ ಯಾರ ಕಣ್ಣು ಅರಳತ್ತೋ ಅವ್ರೇ ನಿಮ್ಮ ಗಿರಾಕಿ, ಅಂದ್ರೆ ನಿಮ್ಮಂಥ ಇನ್ನೊಬ್ಬ ಸಂಗ್ರಾಹಕರು.

ಅವ್ರು ಸಿಗೋದು ಖನಿಜ ಮೇಳಗಳಲ್ಲಿ. ಅಮೆರಿಕದ ಟೂಸಾನ್‌ನಲ್ಲಿ ವರ್ಷದ ಶುರುವಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ ಅಕ್ಟೋಬರ್ ಹೊತ್ತಿಗೆ ದೊಡ್ಡ ಮೇಳ ನಡೆಯತ್ತೆ, ಪ್ರಪಂಚದ ಅಪರೂಪದ ಹರಳಿನೋರೆಲ್ಲ ಅಲ್ಲಿ ಸೇರ್ತಾರೆ. ಅಷ್ಟು ದೂರ ಹೋಗೋಕಾಗದಿದ್ರೆ ಬರೀ ಸಂಗ್ರಾಹಕರ ಹರಳನ್ನೇ ಮಾರೋ ಡೀಲರ್‌ಗಳಿದಾರೆ, ನಿಮಗೆ ಮಾರಿದೋರನ್ನೇ ಮೊದಲು ಕೇಳಿ, ವಾಪಸ್ ತಗೋತಾರಾ, ಇಲ್ಲಾ ಕಮಿಷನ್ ಮೇಲೆ ಇಟ್ಕೊಂಡು ಮಾರಿಕೊಡ್ತಾರಾ ಅಂತ. ಕಮಿಷನ್ ಅಂದ್ರೆ ತಿಂಗಳುಗಟ್ಟಲೆ ಕಾಯಬೇಕಾಗತ್ತೆ, ಅವಸರದಲ್ಲಿ ಮಾರಿದ್ರೆ ಕೊಂಡ ಬೆಲೆಯೂ ಬರಲ್ಲ, ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ. ನಾಲ್ಕರಲ್ಲಿ ಮೊದಲು ಕೊಡೋದಾದ್ರೆ ಬೆನಿಟೊಯಿಟ್ ಕೊಡಿ, 1907ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬೆನಿಟೊ ಕೌಂಟಿಯಲ್ಲಿ ಸಿಕ್ಕಿದ್ದು, ಒಳ್ಳೆ ಹರಳು ಬರೋದು ಹೆಚ್ಚುಕಮ್ಮಿ ಅಲ್ಲಿಂದ ಮಾತ್ರ, ಅದನ್ನ ಹುಡುಕೋರು ಯಾವಾಗ್ಲೂ ಇರ್ತಾರೆ. ಶಾರ್ಟ್‌ವೇವ್ ಅಲ್ಟ್ರಾವಯಲೆಟ್ ಲೈಟ್ ಹಾಕಿದ್ರೆ ನೀಲಿಯಾಗಿ ಹೊಳೆಯತ್ತೆ, ಗಿರಾಕಿ ಮುಂದೆ ಅದನ್ನ ತೋರಿಸಿ.

ಟಾಫೈಟ್ ಬಗ್ಗೆ ಮಾತ್ರ ಒಂದು ಮಾತು. ಅದಕ್ಕೆ ಲ್ಯಾಬ್ ರಿಪೋರ್ಟ್ ಇಲ್ದೇ ಯಾರ ಹತ್ರನೂ ಹೋಗಬೇಡಿ. 1945ರಲ್ಲಿ ಡಬ್ಲಿನ್‌ನಲ್ಲಿ ರಿಚರ್ಡ್ ಟಾಫ್ ಅನ್ನೋರು ಹಳೇ ಆಭರಣಗಳಿಂದ ಕಿತ್ತ ಒಂದಷ್ಟು ಕಲ್ಲು ಕೊಂಡ್ಕೊಂಡು ಮನೇಲಿ ಕೂತು ಬೇರ್ಪಡಿಸ್ತಾ ಇದ್ರು. ಒಂದು ತೆಳು ನೇರಳೆ ಕಲ್ಲು, ನೋಡೋಕೆ ಸ್ಪಿನೆಲ್ ಅನ್ನೋ ಇನ್ನೊಂದು ಹರಳಿನ ಹಾಗೆ, ತೂಕ, ಸಾಂದ್ರತೆ ಎಲ್ಲ ಸ್ಪಿನೆಲ್ ಥರನೇ, ಆದ್ರೆ ಲೆನ್ಸಲ್ಲಿ ನೋಡಿದ್ರೆ ಹಿಂಬದಿಯ ಧೂಳಿನ ಚುಕ್ಕೆ, ಗೀರು ಎಲ್ಲ ಎರಡೆರಡಾಗಿ ಕಾಣ್ತಿತ್ತು. ಸ್ಪಿನೆಲ್‌ನಲ್ಲಿ ಹಾಗೆ ಆಗೋಕೆ ಸಾಧ್ಯನೇ ಇಲ್ಲ. ಅವ್ರು ಅದನ್ನ ಲಂಡನ್ನಿನ ಲ್ಯಾಬಿಗೆ ಕಳಿಸಿದ್ರು, 1951ರ ಹೊತ್ತಿಗೆ ಅದು ಹೊಸ ಖನಿಜ ಅಂತ ಪ್ರಕಟ ಆಯ್ತು. ಭೂಮಿಯಲ್ಲಿ ಸಿಗೋಕೆ ಮುಂಚೆ ಸಾಣೆ ಹಿಡಿದ ಹರಳಾಗಿ ಪತ್ತೆಯಾದ ಮೊದಲ ಖನಿಜ ಅದು. ನನಗೆ ಎಷ್ಟು ಸಲ ನೆನೆಸಿಕೊಂಡ್ರೂ ಮೈ ಜುಮ್ ಅನ್ನತ್ತೆ, ಒಬ್ರು ಒಂದು ನಿಮಿಷ ಜಾಸ್ತಿ ನೋಡಿದ್ದಕ್ಕೆ ಸಿಕ್ಕಿದ ಕಲ್ಲು. ಇವತ್ತಿಗೂ ಟಾಫೈಟ್ ಅಂತ ಮಾರೋದು ಸ್ಪಿನೆಲ್ ಆಗಿರಬಹುದು, ಸ್ಪಿನೆಲ್ ಪೊಟ್ಟಣದಲ್ಲಿ ಟಾಫೈಟ್ ಕೂತಿರಬಹುದು. ಜಿಐಎ, ಎಸ್‌ಎಸ್‌ಇಎಫ್, ಗ್ಯೂಬೆಲಿನ್ ಇಂಥ ಲ್ಯಾಬಿನ ರಿಪೋರ್ಟ್ ಆದ್ರೆ ಕೊಳ್ಳೋರು ನಂಬ್ತಾರೆ. ರಿಪೋರ್ಟಲ್ಲಿ ಯಾವ ಕಲ್ಲು, ಬಣ್ಣ, ಹೊಳಪು ಹೆಚ್ಚಿಸೋಕೆ ಏನಾದ್ರೂ ಮಾಡಿದ್ರೆ ಆ ಟ್ರೀಟ್‌ಮೆಂಟ್ ಏನು ಅಂತ ಇರತ್ತೆ, ಬೆಲೆ ಇರಲ್ಲ. ಬೆಲೆ ಬರೆದುಕೊಟ್ಟ ಸರ್ಟಿಫಿಕೇಟ್ ತೋರಿಸಿ ಮಾರೋಕೆ ಬಂದ್ರೆ ಸ್ವಲ್ಪ ಹುಷಾರಾಗಿರಿ.

ಪ್ರಶ್ನೆ: ಮೇಡಂ ಅಥವಾ ಸರ್, ನಮ್ಮಜ್ಜಿಯ ಉಂಗುರದಲ್ಲಿ ದೊಡ್ಡ ಅಲೆಕ್ಸಾಂಡ್ರೈಟ್ ಇದೆ, ಹಗಲು ನೀಲಿ ಬೂದು, ರಾತ್ರಿ ನೇರಳೆ ಗುಲಾಬಿ. ಒಳಗೆ ಒಂದು ಚುಕ್ಕೆನೂ ಇಲ್ಲ, ಅಷ್ಟು ಶುದ್ಧ. ಮಾರಬಹುದಾ?

ಉತ್ತರ: ಇದನ್ನ ಹೇಳೋಕೆ ನನಗೂ ಕಷ್ಟ ಆಗತ್ತೆ. ನೀವು ಹೇಳಿದ ಬಣ್ಣ ಅಲೆಕ್ಸಾಂಡ್ರೈಟ್‌ದಲ್ಲ. ನಿಜವಾದದ್ದು ಹಗಲಿನ ಬೆಳಕಲ್ಲಿ ಹಸಿರು ಇಲ್ಲಾ ನೀಲಿಹಸಿರು, ಮೇಣದಬತ್ತಿ ಬೆಳಕಲ್ಲಿ ಕೆಂಪು ಇಲ್ಲಾ ಕೆನ್ನೇರಳೆ. ನೀಲಿ ಬೂದಿಂದ ನೇರಳೆ ಗುಲಾಬಿಗೆ ತಿರುಗೋದು ಬಹುಪಾಲು ವನೇಡಿಯಂ ಹಾಕಿ ಮಾಡಿದ ಸಿಂಥೆಟಿಕ್ ಕೊರಂಡಮ್, ಅಂದ್ರೆ ಕುಲದಲ್ಲಿ ನೀಲಮಣಿಯ ಜಾತಿ. ಜ್ವಾಲೆಯಲ್ಲಿ ಪುಡಿ ಕರಗಿಸಿ ಹರಳು ಬೆಳೆಸೋ ವಿಧಾನವನ್ನ ಫ್ರಾನ್ಸಿನ ವರ್ನುಯಿ 1902ರಲ್ಲಿ ಪ್ರಕಟಿಸಿದ್ರು, ಹಾಗಾಗಿ ಅಜ್ಜಿ ಕಾಲದ್ದು ಅಂದ್ ಮಾತ್ರಕ್ಕೆ ನೆಲದಿಂದ ಬಂದಿದ್ದು ಅಂತಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೂಪಲ್ಲಿ ಓರೆ ಮಾಡಿ ನೋಡಿ, ಒಳಗೆ ಬಾಗಿದ ಸಣ್ಣ ಗೆರೆಗಳು ಕಂಡ್ರೆ ಅಲ್ಲಿಗೆ ಖಾತ್ರಿ, ನೆಲದಲ್ಲಿ ಬೆಳೆದ ಹರಳಲ್ಲಿ ಗೆರೆ ನೇರವಾಗಿರತ್ತೆ. ಕಾಣದಿದ್ರೆ ಲ್ಯಾಬಿಗೆ ಕೊಡಿ. ಅಜ್ಜಿಗೆ ಯಾರೋ ಮೋಸ ಮಾಡಿದ್ರು ಅಂತಲೂ ಅಂದ್ಕೋಬೇಡಿ, ಮಾರಿದೋರಿಗೇ ಗೊತ್ತಿರಲಿಕ್ಕಿಲ್ಲ. ಮಾರಬೇಡಿ, ಹಾಕ್ಕೊಳ್ಳಿ, ಗಡಸುತನ 9, ಇನ್ನೂ ಎರಡು ತಲೆಮಾರು ಬಾಳತ್ತೆ.

ಪ್ರಶ್ನೆ: ಗಣಿ ಮುಗೀತಾ ಬಂದಿದೆ, ಇನ್ಮೇಲೆ ಸಿಗಲ್ಲ, ಈಗ್ಲೇ ತಗೊಂಡ್ರೆ ಡಬಲ್ ಆಗತ್ತೆ ಅಂತ ಒಬ್ರು ಪೈನೈಟ್ ತೋರಿಸ್ತಿದಾರೆ. ತಗೊಳ್ಲಾ?

ಉತ್ತರ: ಇಷ್ಟ ಆಗಿದ್ರೆ ತಗೊಳ್ಳಿ, ಡಬಲ್ ಆಗತ್ತೆ ಅಂತ ಬೇಡ. ಇನ್ಮೇಲೆ ಸಿಗಲ್ಲ ಅನ್ನೋ ಮಾತನ್ನ ನಂಬಬಾರದು ಅನ್ನೋದಕ್ಕೆ ಪೈನೈಟ್‌ಗಿಂತ ಒಳ್ಳೆ ಉದಾಹರಣೆ ಇನ್ನೊಂದಿಲ್ಲ. 1950ರ ದಶಕದಲ್ಲಿ ಮ್ಯಾನ್ಮಾರಿನಲ್ಲಿ ಸಿಕ್ಕಿದ ಮೇಲೆ ದಶಕಗಟ್ಟಲೆ ಪ್ರಪಂಚದಲ್ಲಿದ್ದಿದ್ದು ಬೆರಳಲ್ಲಿ ಎಣಿಸೋಷ್ಟೇ ಹರಳು, ಆಮೇಲೆ 2000ದ ನಂತರ ಅಲ್ಲಿನ ಮೊಗೋಕ್ ಊರಿನ ಸುತ್ತ ಮೂಲ ಪತ್ತೆ ಆಗಿ ಸಾವಿರಗಟ್ಟಲೆ ತುಂಡು ಬಂತು. ಬಹಳಷ್ಟು ಕಪ್ಪು ಕಂದು, ಸಾಣೆ ಹಿಡಿಯೋಕಾಗದ್ದು, ಪಾರದರ್ಶಕವಾದ ಕೆಂಪು ಇವತ್ತಿಗೂ ದುರ್ಲಭನೇ. ಹಾಗಾಗಿ ಹೆಸರು ಕೇಳಿ ದುಡ್ಡು ಕೊಡಬೇಡಿ, ಕೈಲಿರೋ ತುಂಡು ಹೇಗಿದೆ ನೋಡಿ. 1989ರ ಸುಮಾರಿಗೆ ಬ್ರೆಜಿಲ್‌ನ ಪರೈಬಾದಿಂದ ಬಂದ ತಾಮ್ರದ ಅಂಶವಿರೋ ನೀಲಿ ಟೂರ್ಮಲಿನ್ ಇನ್ನೆಲ್ಲೂ ಇಲ್ಲ ಅಂತಿದ್ರು, ಆಮೇಲೆ ನೈಜೀರಿಯಾ, ಮೊಜಾಂಬಿಕ್‌ನಲ್ಲೂ ಸಿಕ್ತು.

ಪ್ರಶ್ನೆ: ನನ್ನ ಕುಂಜೈಟ್ ಮುಂಚೆ ಒಳ್ಳೆ ಗುಲಾಬಿ ಇತ್ತು, ಶೋಕೇಸಲ್ಲಿಟ್ಟ ಮೇಲೆ ಬಿಳಚಿಕೊಂಡಿದೆ. ನಕಲಿನಾ?

ಉತ್ತರ: ಅಸಲಿಯೇ ಇರಬಹುದು. ಕುಂಜೈಟ್ ಜೋರು ಬೆಳಕಿಗೆ ಬಣ್ಣ ಕಳ್ಕೊಳ್ಳತ್ತೆ, ಕತ್ತಲೆ ಡಬ್ಬದಲ್ಲಿಡಿ, ನೋಡಬೇಕು ಅನ್ನಿಸಿದಾಗ ತೆಗೀರಿ. ಓಪಲ್ ಇದ್ರೆ ಬಿಸಿ ಲೈಟಿನ ಹತ್ರ ಬೇಡ, ಅದರೊಳಗೆ ನೀರಿನ ಅಂಶ ಇರತ್ತೆ, ಒಣಗಿದ್ರೆ ಬಿರುಕು ಬಿಡಬಹುದು.

ಇನ್ನು ಕುಂಜೈಟ್ ಮಾರೋದಾದ್ರೆ ಬಣ್ಣ ಹೋಗತ್ತೆ ಅನ್ನೋದನ್ನ ಕೊಳ್ಳೋರಿಗೆ ಬಾಯಿಬಿಟ್ಟು ಹೇಳಿ. ನಾನು ಒಂದ್ಸಲ ಕಿತ್ತಳೆ ಬಣ್ಣದ ನೀಲಮಣಿಯನ್ನ (ನೀಲಮಣಿ ನೀಲಿಯೇ ಇರಬೇಕು ಅಂತೇನಿಲ್ಲ) ಬರೀ ಕಾಯಿಸಿದ್ದು ಅಂತ ನಂಬಿ ಮಾರಿದ್ದೆ, ಲ್ಯಾಬಲ್ಲಿ ನೋಡಿದ್ರೆ ಬೆರಿಲಿಯಂ ಸೇರಿಸಿ ಬಣ್ಣ ತರಿಸಿದ್ದು. ಬರೀ ಲೂಪಲ್ಲಿ ನೋಡಿದ್ರೆ ಅದು ಖಚಿತವಾಗಿ ಗೊತ್ತಾಗಲ್ಲ ಅನ್ನೋದು ನಿಜ, ಆದ್ರೆ ಟೆಸ್ಟ್ ಮಾಡಿಸದೇ ಮಾರಿದ್ದು ನನ್ನ ತಪ್ಪೇ. ಪೂರ್ತಿ ದುಡ್ಡು ವಾಪಸ್ ಕೊಟ್ಟು ಕಲ್ಲು ತಗೊಂಡು ಬಂದೆ, ಆವತ್ತಿಂದ ಪ್ರತಿ ಪೊಟ್ಟಣದ ಮೇಲೂ ಟ್ರೀಟ್‌ಮೆಂಟ್ ಏನು, ಟೆಸ್ಟ್ ಯಾವಾಗ ಆಯ್ತು, ಆಗಿಲ್ಲ ಅಂದ್ರೆ ಆಗಿಲ್ಲ ಅಂತಲೇ ಬರೆದಿಡ್ತೀನಿ. ಆ ಗಿರಾಕಿ ಈಗಲೂ ನನ್ನ ಹತ್ರನೇ ಕಲ್ಲು ತಗೋತಾರೆ.