ಮಕ್ಕಳು 90, ಟೀಚರ್ ಆರೇ ಜನ: ಇನ್ನೂ ಜನ ಬೇಕಾ?

"ಸಂಡೇ ಸ್ಕೂಲಿಗೆ ಮಕ್ಕಳು 30ರಿಂದ 90 ಆಗಿದ್ದಾರೆ, ಕಲಿಸುವವರು ಆರೇ ಜನ. ಇನ್ನಷ್ಟು ಜನರನ್ನು ಎಲ್ಲಿಂದ ತರಲಿ, ಇದ್ದವರಿಗೆ ಶಿಸ್ತು ಹೇಗೆ ಕಲಿಸಲಿ?" ಅಂತ ಕೇಳಿದ್ದೀರಿ. ಆ "ಶಿಸ್ತು" ಅನ್ನೋ ಪದ ಓದಿದ ಕೂಡಲೇ ಹೊಟ್ಟೆಯಲ್ಲಿ ಕಸಿವಿಸಿ ಆಯ್ತು. ನಾನು ಕೆಟ್ಟದ್ದೇ ಅದರಿಂದ.

ನಮ್ಮೂರು ಬಾಗಲಕೋಟೆ. ಆಲಮಟ್ಟಿ ಹಿನ್ನೀರು ಬಂದ ಮೇಲೆ ಊರು ಎರಡಾಯ್ತು. ಒಂದಷ್ಟು ಜನ ನವನಗರದ ಸೆಕ್ಟರ್‌ಗಳಿಗೆ ಬಂದರು, ಒಂದಷ್ಟು ಜನ ಹಳೇ ಊರಲ್ಲೇ ಉಳಿದರು, ನಡುವೆ ವಿದ್ಯಾಗಿರಿ. ನಮ್ಮ ಸಭೆ, ಅಂದ್ರೆ ಚರ್ಚ್, ನವನಗರದಲ್ಲಿ. ಒಂದು ಬೇಸಿಗೆ ವಿಬಿಎಸ್ (ರಜೆಯಲ್ಲಿ ಮಕ್ಕಳಿಗೆ ನಡೆಸೋ ಬೈಬಲ್ ಶಾಲೆ) ಮುಗಿದದ್ದೇ ತಡ, 28 ಇದ್ದ ಹಾಜರಿ 76 ಆಯ್ತು. ಪಾಸ್ಟರ್ ನನ್ನನ್ನು ಸೂಪರಿಂಟೆಂಡೆಂಟ್ ಮಾಡಿದರು. ನಾನು ಸಿಮೆಂಟ್ ಅಂಗಡಿಯಲ್ಲಿ ಲೆಕ್ಕ ಬರೆಯೋನು, ಎಕ್ಸೆಲ್ ಅಂದ್ರೆ ಜೀವ. ಬಿಗಿನರ್ಸ್, ಪ್ರೈಮರಿ, ಜೂನಿಯರ್ ಅಂತ ವಿಂಗಡಿಸಿ, ಯಾರಿಗೆ ಯಾವ ವಾರ ಅಂತ ತಖ್ತೆ ಹಾಕಿ, ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ನೇತುಹಾಕಿದೆ. ಬೈಬಲಿನ ವಿಮೋಚನಕಾಂಡ 18ನೇ ಅಧ್ಯಾಯ ಓದಿ, ಕೆಲಸ ಹಂಚಿಕೊಡು ಅಂತ ಇತ್ರೋ ತನ್ನ ಅಳಿಯ ಮೋಶೆಗೆ ಹೇಳಿದ ಬುದ್ಧಿಮಾತಿನ ಮೇಲೆ ಟೀಚರ್‌ಗಳಿಗೆ ಒಂದು ಪ್ರಸಂಗವನ್ನೂ (ಉಪದೇಶ) ಕೊಟ್ಟೆ.

ಆ ಟೀಚರ್‌ಗಳಲ್ಲಿ ಒಬ್ಬರು ಅಕ್ಕೋರು. ಅರವತ್ತರ ಆಚೀಚೆ, ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವರು, ಹಳೇ ಊರಿನಿಂದ ಬರೋರು. ಸಣ್ಣ ಮಕ್ಕಳಿಗೆ ಹಳೇ ಶಾಲಿನ ಮೇಲೆ ಚಿತ್ರ ಅಂಟಿಸಿ ಕಥೆ ಹೇಳ್ತಿದ್ದರು. ಎರಡು ಅಂಚು ಮಾಸಿದ ಆ ನೋಹನ ನಾವೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಪ್ರತಿ ಭಾನುವಾರ ಇಪ್ಪತ್ತು ನಿಮಿಷ ತಡ. ಪ್ರತಿ ಭಾನುವಾರ! ನನ್ನ ತಖ್ತೆಯಲ್ಲಿ ಅವರ ಹೆಸರಿನ ಮುಂದೆ ಕೆಂಪು ಬಣ್ಣ.

ಈಗ ನಾನು ಮಾಡಿದ್ದನ್ನು ಸರಿಯಾಗಿ ಹೇಳ್ತೀನಿ, ಯಾಕಂದ್ರೆ ಆಗ ಇದು ತಪ್ಪು ಅಂತ ಅನ್ನಿಸಿರಲೇ ಇಲ್ಲ. ಅವರ ಕ್ಲಾಸನ್ನು ನರ್ಸಿಂಗ್ ಓದುತ್ತಿದ್ದ ಇಬ್ಬರು ಹುಡುಗಿಯರಿಗೆ ಕೊಟ್ಟೆ. ಚೆನ್ನಾಗಿ ಹಾಡ್ತಿದ್ದರು, ಲ್ಯಾಪ್‌ಟಾಪ್ ತರ್ತಿದ್ದರು, ಸಮಯಕ್ಕೆ ಬರ್ತಿದ್ದರು. ಅಕ್ಕೋರಿಗೆ ಹಾಜರಿ ಪುಸ್ತಕ. ಇದನ್ನು ಅವರ ಎದುರು ಕೂತು ಹೇಳಲಿಲ್ಲ, ಶನಿವಾರ ರಾತ್ರಿ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಕೆಳಗೆ ಇನ್ನೊಂದು ಸಾಲು: "8.45ರ ನಂತರ ಬರುವ ಟೀಚರ್‌ಗಳಿಗೆ ಆ ದಿನ ಕ್ಲಾಸ್ ಇರುವುದಿಲ್ಲ." ಹೆಸರು ಬರೆದಿರಲಿಲ್ಲ. ಬರೆಯೋ ಅಗತ್ಯವೂ ಇರಲಿಲ್ಲ, ತಡವಾಗಿ ಬರೋರು ಒಬ್ಬರೇ. ಅಕ್ಕೋರು ಹೆಬ್ಬೆರಳಿನ ಚಿತ್ರ ಕಳಿಸಿದರು. ನನಗೆ ಸಮಾಧಾನ.

ಮರುದಿನ ಬಂದು ಹಾಜರಿ ಪುಸ್ತಕದಲ್ಲಿ ಗುಂಡಗೆ ಹೆಸರು ಬರೆದು ಹೋದರು. ಮುಂದಿನ ವಾರದಿಂದ ಇಲ್ಲ. ಅವರ ಜೊತೆ 14 ಮಕ್ಕಳೂ ಇಲ್ಲ, ಮತ್ತದು ನನಗೆ ಗೊತ್ತಾಗಲಿಕ್ಕೆ ಮೂರು ವಾರ ಹಿಡೀತು. ನಾನು ನೋಡ್ತಿದ್ದದ್ದು ಕೆಳಗಿನ ಮೊತ್ತ. ಅದು 60ರ ಮೇಲೇ ಇತ್ತಲ್ಲ! ಎರಡು ತಿಂಗಳಲ್ಲಿ ನರ್ಸಿಂಗ್ ಹುಡುಗಿಯರಿಗೆ ಪರೀಕ್ಷೆ, ಆಮೇಲೆ ಭಾನುವಾರವೇ ವಾರ್ಡ್ ಡ್ಯೂಟಿ. ಅವರ ತಪ್ಪೇನಿಲ್ಲ, ಆದ್ರೆ ಸಣ್ಣ ಮಕ್ಕಳ ಕ್ಲಾಸಿಗೆ ಯಾರೂ ಉಳಿಯಲಿಲ್ಲ.

ಕೊನೆಗೆ ಹಳೇ ಊರಿಗೆ ಅವರ ಮನೆಗೆ ಹೋದೆ. ಚುರುಮುರಿ, ಚಹಾ ಕೊಟ್ಟರು. "ಕ್ಲಾಸ್ ಬಿಡಿಸಿದ್ದಕ್ಕ ಸಿಟ್ಟಿಲ್ಲೋ ತಮ್ಮಾ. ಯಾಕ ತಡಾ ಆಗತೈತಿ ಅಂತ ಒಮ್ಮೆರ ಕೇಳಬೇಕಿಲ್ಲೇನು?" ಅಂದರು.

ಅವರು ಏಳೂವರೆಗೇ ಮನೆ ಬಿಡ್ತಿದ್ದರಂತೆ. ಓಣಿ ಓಣಿ ತಿರುಗಿ, ಮಲಗಿದವರನ್ನು ಎಬ್ಬಿಸಿ, ಒಬ್ಬಳಿಗೆ ಜಡೆ ಹಾಕಿ, 14 ಮಕ್ಕಳನ್ನು ಒಂದು ಟಂಟಂ ಆಟೋಗೆ ತುಂಬಿಸಿ ತರ್ತಿದ್ದರು. ಬಾಡಿಗೆ ಸ್ವಂತ ಕೈಯಿಂದ. ನನ್ನ ತಖ್ತೆಯಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ.

ಮನೆಗೆ ಬಂದು ಅದೇ 18ನೇ ಅಧ್ಯಾಯ ಮತ್ತೆ ತೆಗೆದೆ. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಮುಖಂಡ ಅನ್ನೋದೆಲ್ಲ ಆಮೇಲಿನ ಮಾತು. ಅದಕ್ಕೂ ಮೊದಲು, ಮೋಶೆ ಬೆಳಗಿನಿಂದ ಸಂಜೆವರೆಗೆ ಕೂತು ನ್ಯಾಯ ತೀರಿಸೋದನ್ನು ಇತ್ರೋ ನೋಡ್ತಾನೆ, ನೀನು ಮಾಡ್ತಿರೋದು ಏನಪ್ಪಾ ಅಂತ ಕೇಳ್ತಾನೆ. ನಾನು ಆ ವಚನ ಹಾರಿಸಿ ಪ್ರಸಂಗ ಕೊಟ್ಟಿದ್ದೆ.

ಹಾಗಾಗಿ ನಿಮಗೆ ನನ್ನ ಉತ್ತರ: ಹೊಸಬರನ್ನು ಈಗ ಹುಡುಕಬೇಡಿ. ಒಂದು ತಿಂಗಳು ಹೊಸ ಮಕ್ಕಳನ್ನೂ ಸೇರಿಸಬೇಡಿ, ಪಾಸ್ಟರ್ ಬೇಜಾರಾದ್ರೆ ಆಗಲಿ. ನಾಲ್ಕು ಭಾನುವಾರ ಒಂದು ಮೂಲೆಯಲ್ಲಿ ಕೂತು ಆ ಆರು ಜನ ಏನೇನು ಮಾಡ್ತಾರೆ ನೋಡಿ, ಆರೂ ಮನೆಗೆ ಹೋಗಿ ಬನ್ನಿ. ಆರಾಧನೆ ಮುಗಿದ ಮೇಲೆ ಮೈಕಿನಲ್ಲಿ "ಯಾರಾದ್ರೂ ಮುಂದೆ ಬನ್ನಿ" ಅಂತ ಕರೆಯೋದಂತೂ ಬೇಡವೇ ಬೇಡ. ಆ ಉಮೇದಿನಲ್ಲಿ ಬಂದವರು ನಮ್ಮಲ್ಲಿ ಹೆಚ್ಚೆಂದರೆ ಮೂರು ವಾರ ಉಳಿದರು.

"ಇದು ದೇವರ ಸೇವೆ, ದುಡ್ಡಿನ ಮಾತು ಯಾಕೆ" ಅನ್ನೋರು ನಿಮ್ಮ ಕಮಿಟಿಯಲ್ಲೂ ಇರ್ತಾರೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಸಂಡೇ ಸ್ಕೂಲ್ ಶುರು ಮಾಡಿದಾಗ ಕಲಿಸೋ ಹೆಂಗಸರಿಗೆ ಭಾನುವಾರಕ್ಕೆ ಒಂದು ಶಿಲ್ಲಿಂಗ್ ಕೊಡ್ತಿದ್ದ ಅಂತ ಅವರಿಗೆ ಹೇಳಿ. ಸಂಬಳ ಬೇಡ, ಟಂಟಂ ಬಾಡಿಗೆ, ಬಿಸ್ಕಿಟ್ ಖರ್ಚಾದ್ರೂ ಸಭೆ ಕೊಡಲಿ.

ಶಿಸ್ತು ಬೇಕಾದ ಜಾಗ ಒಂದೇ. ಯಾವ ಕ್ಲಾಸಿನಲ್ಲೂ ದೊಡ್ಡವರು ಒಬ್ಬರೇ ಇರಬಾರದು, ಯಾವಾಗಲೂ ಇಬ್ಬರು. ಇಬ್ಬರು ಸಿಗದಿದ್ರೆ ಎರಡು ಕ್ಲಾಸ್ ಸೇರಿಸಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ, 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಸಭೆಯ ಮಾನ ಅಂತ ಒಳಗೊಳಗೇ ಮುಗಿಸೋ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098, ಗೋಡೆಗೆ ಬರೆಸಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಅಕ್ಕೋರು ವಾಪಸ್ ಬರಲಿಲ್ಲ, ಮನೆ ಹತ್ತಿರದ ಇನ್ನೊಂದು ಸಭೆಗೆ ಹೋಗ್ತಾರೆ. ನಾನು ಹೊರಟಾಗ ಟಂಟಂ ಡ್ರೈವರ್ ನಂಬರ್ ಬರೆಸಿದರು: "ಅರ್ಧಾ ಬಾಡಿಗಿನೇ ಕೊಡು, ಅವನ ಮಗಳೂ ಅದರಾಗ ಬರತಾಳ." ಈಗ ಭಾನುವಾರ ಏಳೂವರೆಗೆ ಹಳೇ ಊರಿನ ಓಣಿಯಲ್ಲಿ ನಿಲ್ಲೋನು ನಾನು. 14ರಲ್ಲಿ ಆರು ಮಕ್ಕಳು ಮತ್ತೆ ಬಂದಿದ್ದಾರೆ. ಕ್ಲಾಸಿಗೆ ಮುಟ್ಟೋದು ಒಂಬತ್ತಕ್ಕೆ ಐದು ನಿಮಿಷ ಇರುವಾಗ, ಅದೂ ಡ್ರೈವರ್ ಮಗಳು ಬೇಗ ಎದ್ದಿದ್ರೆ.