ಬಟ್ಟೆಗೆ ತಕ್ಕ ಸೂಜಿ: ಲೆಗಿನ್ಸ್‌ನಲ್ಲಿ ಹೊಲಿಗೆ ತಪ್ಪುವುದೇಕೆ, ರೇಷ್ಮೆಯಲ್ಲಿ ತೂತು ಉಳಿಯುವುದೇಕೆ?

ಮನೆಯ ಮಿಶನಿನಲ್ಲಿ ಹತ್ತಿ ಬಟ್ಟೆಯ ಹೊಲಿಗೆ ಚೆನ್ನಾಗಿಯೇ ಬರುತ್ತದೆ, ಮಗಳ ಲೆಗಿನ್ಸ್ ಹೊಲಿಯಲು ಹೊರಟರೆ ಮಾತ್ರ ಹೊಲಿಗೆ ಅಲ್ಲಲ್ಲಿ ತಪ್ಪುತ್ತದೆ, ರೇಷ್ಮೆ ರವಿಕೆಯಲ್ಲಿ ತೂತುಗಳು ಉಳಿಯುತ್ತವೆ, ರಿಪೇರಿಯವರು ಮಿಶನ್ ಹಳತಾಯಿತು ಎನ್ನುತ್ತಾರೆ, ಆದರೆ ಯಾರೋ ಒಬ್ಬರು ಸೂಜಿ ಬದಲಿಸಿ ನೋಡಿ ಎಂದರು, ಬರೀ ಸೂಜಿಯಿಂದ ಇಷ್ಟೆಲ್ಲ ಆಗುವುದುಂಟೇ ಎಂದು ನೀವು ಕೇಳಿದ್ದೀರಿ. ಖಂಡಿತ ಆಗುವುದುಂಟು. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಾನು 22 ವರ್ಷಗಳಿಂದ ಹೊಲಿಗೆಯ ಅಂಗಡಿ ನಡೆಸುತ್ತಿದ್ದೇನೆ, ಹೆಣ್ಣುಮಕ್ಕಳಿಗೆ ಹೊಲಿಗೆಯನ್ನೂ ಕಲಿಸುತ್ತೇನೆ. ಮಿಶನ್ ಕೆಟ್ಟಿದೆ ಎಂದು ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರ ಮಿಶನಿಗೆ ಏನೂ ಆಗಿರುವುದಿಲ್ಲ. ತಿಂಗಳುಗಟ್ಟಲೆ ಒಂದೇ ಸೂಜಿಯಲ್ಲಿ ಎಲ್ಲ ಬಗೆಯ ಬಟ್ಟೆಯನ್ನೂ ಹೊಲಿದಿರುತ್ತಾರೆ, ಅಷ್ಟೆ. ಆದ್ದರಿಂದ ಟೆನ್ಷನಿನ ಸ್ಕ್ರೂವಿಗೆ ಕೈ ಹಾಕುವ ಮೊದಲು, ರಿಪೇರಿಯವರಿಗೆ ಫೋನ್ ಮಾಡುವ ಮೊದಲು ಸೂಜಿಯನ್ನು ಬದಲಿಸಿ ನೋಡಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಕಾರಣ ತಿಳಿಯಬೇಕಾದರೆ ಹೊಲಿಗೆ ಬೀಳುವ ಬಗೆಯನ್ನು ಒಮ್ಮೆ ಗಮನಿಸಬೇಕು. ಸೂಜಿ ನೂಲನ್ನು ಹೊತ್ತು ಬಟ್ಟೆಯ ಅಡಿಗೆ ಇಳಿಯುತ್ತದೆ. ತೀರ ಕೆಳಗೆ ಮುಟ್ಟಿ ಮತ್ತೆ ಸುಮಾರು 2 ಮಿಲಿಮೀಟರಿನಷ್ಟು ಮೇಲೇಳುವಾಗ, ಬಟ್ಟೆಯ ಹಿಡಿತದಿಂದಾಗಿ ನೂಲು ಸೂಜಿಯ ಜೊತೆಗೆ ಮೇಲೆ ಬರಲಾರದೆ ಕಣ್ಣಿನ ಹಿಂಬದಿಯಲ್ಲಿ ಒಂದು ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ, ಪ್ಲೇಟಿನ ಅಡಿಯಲ್ಲಿ ತಿರುಗುವ ಕೊಕ್ಕೆಯಾದ ಶಟಲಿನ ಮೊನೆ ಆ ಕುಣಿಕೆಯೊಳಗೆ ಹೊಕ್ಕು ಮೇಲಿನ ನೂಲನ್ನು, ಕೆಳನೂಲು ಸುತ್ತಿರುವ ಬಾಬಿನಿನ ಸುತ್ತ ದಾಟಿಸುತ್ತದೆ. ಕುಣಿಕೆ ಸರಿಯಾಗಿ ಉಬ್ಬದಿದ್ದರೆ ಶಟಲಿನ ಮೊನೆ ಬರಿದೆ ಸುತ್ತಿ ಹೋಗುತ್ತದೆ, ಆ ಒಂದು ಹೊಲಿಗೆ ತಪ್ಪುತ್ತದೆ. ಲೈಕ್ರಾ ಬೆರೆತ ಬಟ್ಟೆ ರಬ್ಬರಿನಂತೆ ಸೂಜಿಗೆ ಅಂಟಿಕೊಂಡು ಅದರ ಜೊತೆಗೇ ಮೇಲೆದ್ದು ಬರುವುದರಿಂದ ನೂಲಿಗೆ ಉಬ್ಬಲು ಅವಕಾಶವೇ ಸಿಗುವುದಿಲ್ಲ. ನಿಮ್ಮ ಲೆಗಿನ್ಸ್‌ನಲ್ಲಿ ಆಗುತ್ತಿರುವುದು ಇದೇ ಎಂದು ನನಗನಿಸುತ್ತದೆ.

ಸೂಜಿಯನ್ನು ಆರಿಸುವಾಗ ನೋಡಬೇಕಾದದ್ದು ಎರಡು. ಅದರ ತುದಿ ಎಂಥದು, ಅದರ ದಪ್ಪ ಎಷ್ಟು. ನಮ್ಮಲ್ಲಿ ಹೆಚ್ಚಿನವರು ದಪ್ಪವನ್ನು ಮಾತ್ರ ನೋಡುತ್ತಾರೆ, ಅಂಗಡಿಯವರೂ ನಂಬ್ರವನ್ನಷ್ಟೇ ಕೇಳುತ್ತಾರೆ. ಆದರೆ ತುದಿ ತಪ್ಪಿದರೆ ನಂಬ್ರ ಸರಿಯಿದ್ದರೂ ಪ್ರಯೋಜನವಿಲ್ಲ. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕುಗಳು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಚೂಪು ತುದಿ ಬೇಕು. ಟೀ ಶರ್ಟ್, ಲೆಗಿನ್ಸ್, ಬನಿಯನ್ನುಗಳಂಥ ಹೆಣಿಗೆಯ ಬಟ್ಟೆಯಲ್ಲಿ ಒಂದೇ ನೂಲು ಕುಣಿಕೆ ಕುಣಿಕೆಯಾಗಿ ಸಾಗುವುದರಿಂದ, ಎಳೆಯನ್ನು ಚುಚ್ಚದೆ ಪಕ್ಕಕ್ಕೆ ಸರಿಸಿಕೊಂಡು ನುಗ್ಗುವ ಉರುಟು ತುದಿ ಬೇಕು. ಚೂಪು ಸೂಜಿಯಿಂದ ಹೊಲಿದ ಟೀ ಶರ್ಟು ಆ ದಿನ ನೋಡಲು ಚೆನ್ನಾಗಿಯೇ ಇರುತ್ತದೆ, ನಾಲ್ಕು ಸಲ ಒಗೆದ ಮೇಲೆ ಹೊಲಿಗೆಯ ಪಕ್ಕದಲ್ಲಿ ತುಂಡಾದ ಎಳೆಯಿಂದ ಸಣ್ಣ ತೂತು ಬಿಚ್ಚಿಕೊಳ್ಳಲು ತೊಡಗುತ್ತದೆ.

ಉರುಟು ತುದಿಯದನ್ನು ಅಂಗಡಿಯಲ್ಲಿ ‘ಬಾಲ್ ಪಾಯಿಂಟ್’ ಎಂದು ಕೇಳಬೇಕು. ಲೈಕ್ರಾ ಹೆಚ್ಚಿರುವ ಲೆಗಿನ್ಸ್, ಈಜುಡುಗೆ ಮೊದಲಾದವುಗಳಿಗೆ ಅದೂ ಸಾಲದೆ ‘ಸ್ಟ್ರೆಚ್’ ಎಂಬ ಬೇರೆಯೇ ಸೂಜಿಯಿದೆ. ಅದರ ತುದಿ ತುಸು ಉರುಟಾಗಿರುವುದಲ್ಲದೆ, ಕಣ್ಣಿನ ಮೇಲೆ ಹಿಂಬದಿಯಲ್ಲಿರುವ ತಗ್ಗು ಸಾಮಾನ್ಯ ಸೂಜಿಗಿಂತ ಆಳವಾಗಿರುತ್ತದೆ. ಹಾಗಾಗಿ ಶಟಲಿನ ಮೊನೆ ಸೂಜಿಗೆ ಇನ್ನಷ್ಟು ಹತ್ತಿರ ಬಂದು, ಕುಣಿಕೆ ಚಿಕ್ಕದಾಗಿದ್ದರೂ ಅದನ್ನು ಹಿಡಿಯಬಲ್ಲದು. ಆರ್ಗನ್ ಕಂಪೆನಿಯ ಪೊಟ್ಟಣದಲ್ಲಿ ಇದಕ್ಕೆ ‘ಎಸ್‌ಪಿ’ ಎಂಬ ಗುರುತಿರುತ್ತದೆ, ಶ್ಮೆಟ್ಸ್ ಕಂಪೆನಿಯದರಲ್ಲಿ ‘ಎಚ್-ಎಸ್’ ಎಂದಿರುತ್ತದೆ, ಸೂಜಿಯ ಬುಡದಲ್ಲಿ ಹಳದಿ ಗೆರೆಯೂ ಇರುತ್ತದೆ. ನಿಮ್ಮ ಮಗಳ ಲೆಗಿನ್ಸಿಗೆ 11ನೇ ನಂಬ್ರದ ಸ್ಟ್ರೆಚ್ ಸೂಜಿಯನ್ನು ತನ್ನಿ, ಬಟ್ಟೆ ದಪ್ಪವಿದ್ದರೆ 14. ಮಿಶನಿನಲ್ಲಿ ಜಿಗ್‌ಜಾಗ್ ಇದ್ದರೆ ತೀರ ಕಿರಿದಾದ ಜಿಗ್‌ಜಾಗ್ ಹಾಕಿಯೇ ಹೊಲಿಯಬೇಕು, ನೇರ ಹೊಲಿಗೆ ಬಟ್ಟೆಯೊಡನೆ ಹಿಗ್ಗುವುದಿಲ್ಲವಾದ್ದರಿಂದ ಮಗು ಕುಳಿತೆದ್ದಾಗ ನೂಲು ಪಟ್ಟನೆ ಕಡಿಯುತ್ತದೆ.

ಇನ್ನು ನಂಬ್ರದ ವಿಚಾರ. ಪೊಟ್ಟಣದ ಮೇಲೆ 75/11, 90/14 ಎಂದು ಎರಡು ಅಂಕಿಗಳಿರುತ್ತವೆ. ಮೊದಲನೆಯದು ಸೂಜಿಯ ದಪ್ಪವನ್ನು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತದೆ, ಅಂದರೆ 90 ಎಂದರೆ 0.9 ಮಿಲಿಮೀಟರ್. ಎರಡನೆಯದು ನಮ್ಮ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಹಳೆಯ ನಂಬ್ರ. 65ಕ್ಕೆ 9, 75ಕ್ಕೆ 11, 90ಕ್ಕೆ 14, 100ಕ್ಕೆ 16, 110ಕ್ಕೆ 18 ಎಂದು ತಿಳಿದಿದ್ದರೆ ಸಾಕು. ಅಂಕಿ ಹೆಚ್ಚಿದಷ್ಟೂ ಸೂಜಿ ದಪ್ಪ. ಮನೆಹೊಲಿಗೆಗೆಂದು ಕೇಳಿದರೆ ಎಷ್ಟೋ ಕಡೆ ವಿಚಾರಿಸದೆ 16 ಕೊಟ್ಟುಬಿಡುತ್ತಾರೆ, ಬೇಗ ಮುರಿಯುವುದಿಲ್ಲವೆಂಬುದು ಅವರ ಲೆಕ್ಕ. ಆದರೆ ಮನೆಯಲ್ಲಿ ಹೊಲಿಯುವ ಬಟ್ಟೆಗಳ ಪೈಕಿ 16 ಬೇಕಾಗುವುದು ಬಹಳ ಕಡಿಮೆ.

ರೇಷ್ಮೆಯ ವಿಷಯದಲ್ಲಿ ನಾನು ಪಾಠ ಕಲಿತದ್ದು ಒಂದು ಮದುವೆಯ ರವಿಕೆಯಿಂದ. ಅಂಗಡಿ ತೆರೆದ ಹೊಸತರಲ್ಲಿ, ಬೆಳಗ್ಗೆ ಬಾಗಿಲ ಪರದೆಗಳನ್ನು 16ನೇ ನಂಬ್ರದ ಸೂಜಿಯಲ್ಲಿ ಹೊಲಿದು ಮುಗಿಸಿ, ಅದನ್ನು ಬದಲಿಸದೆ ಮದುಮಗಳ ಕಾಂಚೀಪುರಂ ಸೀರೆಯ ರವಿಕೆಗೆ ಕುಳಿತೆ. ಅಳತೆ ನೋಡಿದಾಗ ಪಕ್ಕದಲ್ಲಿ ಅರ್ಧ ಇಂಚು ಬಿಡಿಸಬೇಕಾಯಿತು. ಹೊಲಿಗೆ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರೆ ಕಂಕುಳಿನಿಂದ ಸೊಂಟದವರೆಗೆ ಸಾಸಿವೆಕಾಳಿನಷ್ಟಲ್ಲದಿದ್ದರೂ ಕಣ್ಣಿಗೆ ಚೆನ್ನಾಗಿ ಕಾಣುವಂತೆ ಬೆಳಕಿನ ಚುಕ್ಕಿಗಳ ಒಂದು ಸಾಲು. ಉಗುರಿನಿಂದ ಉಜ್ಜಿದೆ, ಹಬೆ ಕೊಟ್ಟೆ, ಒಂದು ಚುಕ್ಕಿಯೂ ಮುಚ್ಚಲಿಲ್ಲ. ಸೀರೆಯ ಜೊತೆಗೆ ಬಂದಿದ್ದ ಬಟ್ಟೆ ಅದೊಂದೇ ಆಗಿದ್ದುದರಿಂದ ಆ ಸಾಲಿನ ಮೇಲೆ ಜರಿಯ ಪಟ್ಟಿಯನ್ನು ಕೈಹೊಲಿಗೆಯಲ್ಲಿ ಕೂರಿಸಿ ಕೊಟ್ಟೆ, ಆ ಮನೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೂಲಿ ತೆಗೆದುಕೊಳ್ಳಲಿಲ್ಲ. ಹತ್ತಿಯ ಎಳೆ ನೀರು ತಾಗಿದರೆ ಉಬ್ಬಿ ಸೂಜಿಯ ಗುರುತನ್ನು ಬಹಳಮಟ್ಟಿಗೆ ಮುಚ್ಚಿಕೊಳ್ಳುತ್ತದೆ, ಒತ್ತಾಗಿ ನೇಯ್ದ ನಯವಾದ ರೇಷ್ಮೆ ಹಾಗೆ ಮುಚ್ಚಿಕೊಳ್ಳುವುದಿಲ್ಲ. ಆದ್ದರಿಂದ ರೇಷ್ಮೆಗೆ 9 ಅಥವಾ 11ನೇ ನಂಬ್ರದ, ಅದೇ ಆಗ ಪೊಟ್ಟಣದಿಂದ ತೆಗೆದ ಸೂಜಿಯೇ ಆಗಬೇಕು. ‘ಮೈಕ್ರೋಟೆಕ್ಸ್’ ಎಂಬ ತೀರ ಚೂಪಾದ ಸೂಜಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಮೊಂಡಾದ ಸೂಜಿ ತೂತು ಮಾಡುವುದು ಮಾತ್ರವಲ್ಲ, ಒಂದು ಎಳೆಯನ್ನು ಸೆಳೆದು ಬಟ್ಟೆಯ ಉದ್ದಕ್ಕೂ ಗೀರು ಬೀಳಿಸುತ್ತದೆ. ಶಿಫಾನ್, ಜಾರ್ಜೆಟ್‌ಗಳಿಗೂ ಇದೇ ನಂಬ್ರ. ಬಟ್ಟೆ ಪ್ಲೇಟಿನ ತೂತಿನೊಳಕ್ಕೆ ಸಿಕ್ಕಿಕೊಳ್ಳುವಂತಿದ್ದರೆ ಅಡಿಗೆ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಬಹುದು. ಬುರ್ಖಾ ಹೊಲಿಯುವ ನಿದಾ ಬಟ್ಟೆ ನಮ್ಮ ಕಡೆ ಬಹಳ ಬರುತ್ತದೆ. ಅದು ಪಾಲಿಯೆಸ್ಟರ್ ಆದರೂ ಒತ್ತು ನೇಯ್ಗೆಯದಾದ್ದರಿಂದ ನಾನು 11ನ್ನು ದಾಟುವುದಿಲ್ಲ.

ಹತ್ತಿಯ ವಿಷಯ ಸುಲಭ. ಮಲ್ ಬಟ್ಟೆಗೆ 11, ಪಾಪ್ಲಿನ್, ನೈಟಿಯ ಬಟ್ಟೆ, ಶಾಲೆಯ ಸಮವಸ್ತ್ರಗಳಿಗೆ 14 ಸಾಕು. ಕಾಸರಗೋಡಿನ ಕೈಮಗ್ಗದ ಹತ್ತಿ ಸೀರೆಗೆ ಫಾಲ್ ಇಡುವಾಗಲೂ, ಅಂಚು ಮಡಚುವಾಗಲೂ ನಾನು ಬಳಸುವುದು 11. ಓಣಂ ಸಮಯದಲ್ಲಿ ಕಸವಿನ, ಅಂದರೆ ಜರಿಯಂಚಿನ, ಮುಂಡುಗಳು ಬಂದಾಗ ಮಾತ್ರ ಎಚ್ಚರ ಬೇಕು. ಜರಿಯ ಎಳೆ ಸೂಜಿಯ ತುದಿಯನ್ನು ಬೇಗ ಸವೆಸುವುದರಿಂದ, ಕಸವಿನ ಮೇಲೆ ಓಡಿಸಿದ ಸೂಜಿಯನ್ನು ಮತ್ತೆ ರೇಷ್ಮೆಗೆ ಹಾಕಬಾರದು.

ಜೀನ್ಸಿಗೆ 16, ಅಡಿಯ ಮಡಿಕೆಯಲ್ಲಿ ನಾಲ್ಕಾರು ಪದರ ಸೇರುವಲ್ಲಿ 18. ಜೀನ್ಸಿಗೆಂದೇ ಗಟ್ಟಿಯಾಗಿ ಮಾಡಿದ ಸೂಜಿ ಸಿಗುತ್ತದೆ, ಬುಡದಲ್ಲಿ ನೀಲಿ ಗೆರೆಯಿರುತ್ತದೆ. ಪದರ ಹೆಚ್ಚಿರುವಲ್ಲಿ ಮೋಟರಿನ ಬಲಕ್ಕೆ ಬಿಡದೆ ಚಕ್ರವನ್ನು ಕೈಯಿಂದ ತಿರುಗಿಸಿ ದಾಟಿಸಬೇಕು. ಯಕ್ಷಗಾನದ ವೇಷಗಳಿಗೆ ಬರುವ ವೆಲ್ವೆಟ್ ದಪ್ಪವಾಗಿ ಕಂಡರೂ 14ರಲ್ಲಿ ಹೊಲಿಯಬಹುದು, ಅಸ್ತರಿನೊಡನೆ ಹೊಲಿಯುವಾಗ 16. ತೊಗಲಿಗೆ ಬೇರೆಯೇ ಸೂಜಿಯಿದ್ದು ಅದರ ತುದಿ ಉಳಿಯಂತೆ ಕೊಯ್ಯುತ್ತದೆ. ಅದನ್ನು ಯಾವ ಕಾರಣಕ್ಕೂ ಬಟ್ಟೆಗೆ ಬಳಸಬೇಡಿ.

ಬಟ್ಟೆಯಷ್ಟೇ ನೂಲನ್ನೂ ನೋಡಬೇಕು. ಸೂಜಿಯ ಕಣ್ಣಿಗೆ ನೂಲು ದಪ್ಪವಾದರೆ ಅದು ಉಜ್ಜಿ ಉಜ್ಜಿ ಹಿಂಜಿ ಕಡಿಯುತ್ತದೆ, ಆಗ ಹೆಚ್ಚಿನವರು ನೂಲಿನ ಕಂಪೆನಿಯನ್ನು ದೂರುತ್ತಾರೆ. ಇದನ್ನು ಪರೀಕ್ಷಿಸಲು ನನ್ನ ಬಳಿ ಕಲಿಯುವವರಿಗೆ ಮೊದಲ ದಿನವೇ ಒಂದು ಉಪಾಯ ಕಲಿಸುತ್ತೇನೆ. ಒಂದಡಿ ನೂಲನ್ನು ಬಿಡಿ ಸೂಜಿಗೆ ಪೋಣಿಸಿ, ಎರಡು ತುದಿಗಳನ್ನೂ ಬಿಗಿಯಾಗಿ ಹಿಡಿದು ನೂಲನ್ನು ಓರೆಯಾಗಿಸಿದರೆ ಸೂಜಿ ತಾನಾಗಿ ಕೆಳಕ್ಕೆ ಜಾರಿ ಬರಬೇಕು. ನಡುವೆ ನಿಂತರೆ ಒಂದು ನಂಬ್ರ ದೊಡ್ಡ ಸೂಜಿ ಬೇಕು, ಅಥವಾ ಬಟ್ಟೆ ತೆಳುವಾಗಿದ್ದರೆ ನೂಲನ್ನೇ ತೆಳುವಾದದ್ದಕ್ಕೆ ಬದಲಿಸಬೇಕು.

ಕೊಳ್ಳುವಾಗ ಬುಡವನ್ನು ನೋಡಲು ಮರೆಯಬೇಡಿ. ಮನೆಬಳಕೆಯ ಮಿಶನುಗಳಿಗೆ ಬರುವ ಸೂಜಿಯ ಬುಡ ಒಂದು ಬದಿಯಲ್ಲಿ ಚಪ್ಪಟೆಯಾಗಿರುತ್ತದೆ. ‘ಎಚ್‌ಎ ಇಂಟು 1’, ‘15 ಇಂಟು 1’, ‘130/705 ಎಚ್’ ಎಂಬುವು ಈ ಒಂದೇ ಜಾತಿಯ ಬೇರೆ ಬೇರೆ ಹೆಸರುಗಳು. ಕಾರ್ಖಾನೆಗಳಲ್ಲಿರುವ ವೇಗದ ಮಿಶನುಗಳಿಗೆ ‘ಡಿಬಿ ಇಂಟು 1’ ಎಂಬ ಉರುಟು ಬುಡದ ಸೂಜಿ ಬೇಕು, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಸೂಜಿಯನ್ನು ಪೂರ್ತಿ ಮೇಲಕ್ಕೆ ದೂಡಿ ಸ್ಕ್ರೂ ಬಿಗಿಯಬೇಕು, ನೂಲು ಯಾವ ಕಡೆಯಿಂದ ಕಣ್ಣನ್ನು ಹೊಗುತ್ತದೆಯೋ ಆ ಕಡೆಗೆ, ನೂಲು ಕೂರಲೆಂದು ಸೂಜಿಯ ಮೈಮೇಲೆ ಉದ್ದಕ್ಕೆ ಕೊರೆದಿರುವ ಗೀರು ಬರಬೇಕು. ಕೂದಲೆಳೆಯಷ್ಟು ಕೆಳಗೆ ನಿಂತರೂ ಶಟಲು ಕುಣಿಕೆಯನ್ನು ಹಿಡಿಯುವ ಹದ ತಪ್ಪುತ್ತದೆ.

ಸುಮಾರು 8 ಗಂಟೆ ಹೊಲಿದ ಮೇಲೆ ಸೂಜಿಯನ್ನು ಬದಲಿಸುವುದು ಒಳ್ಳೆಯ ಪದ್ಧತಿ. ಅದಕ್ಕೂ ಮೊದಲು ಸಂಶಯ ಬಂದರೆ ತುದಿಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ, ಬಿಳಿಯ ಗೀರು ಬಿದ್ದರೆ ತುದಿ ಮಡಚಿದೆ ಎಂದೇ ಅರ್ಥ. ಹೊಲಿಯುವಾಗ ‘ಟಪ್ ಟಪ್’ ಎಂದು ಬಟ್ಟೆಯನ್ನು ಗುದ್ದಿದಂಥ ಸದ್ದು ಬರುವುದೂ ಅದೇ ಕಾರಣಕ್ಕೆ. ನಮ್ಮ ಕಡೆ ಇದರ ಮೇಲೆ ಮಳೆಗಾಲದ ತೊಂದರೆ ಬೇರೆ ಇದೆ. ಆಟಿ ತಿಂಗಳಿನಲ್ಲಿ ಎರಡು ವಾರ ಮಿಶನಿಗೆ ಕೈ ಹಾಕದಿದ್ದರೆ ಅದರಲ್ಲೇ ಬಿಟ್ಟ ಸೂಜಿಗೆ ತುಕ್ಕು ಹಿಡಿಯುತ್ತದೆ, ಅದರಲ್ಲಿ ಬಿಳಿ ಮುಂಡನ್ನು ಹೊಲಿದರೆ ಪ್ರತಿಯೊಂದು ಹೊಲಿಗೆಯ ಬುಡದಲ್ಲೂ ಕಂದು ಚುಕ್ಕಿ ಮೂಡುತ್ತದೆ, ಆ ಕಲೆ ಒಗೆದರೆ ಹೋಗುವಂಥದ್ದಲ್ಲ. ನಾನು ಪೊಟ್ಟಣಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಔಷಧದ ಬಾಟಲಿಗಳಲ್ಲಿ ಬರುವ ತೇವ ಹೀರುವ ಸಣ್ಣ ಚೀಲಗಳ ಜೊತೆಗೆ ಇಡುತ್ತೇನೆ. ಮಳೆಗಾಲದಲ್ಲಿ ಕೆಲಸ ಮುಗಿದ ಮೇಲೆ ಮಿಶನಿನ ಸೂಜಿಯನ್ನು ಕಳಚಿ ಒರೆಸಿ ಅದೇ ಡಬ್ಬಿಗೆ ಹಾಕುತ್ತೇನೆ.

ನೀವು ಈಗ ಮಾಡಬೇಕಾದದ್ದು ಇಷ್ಟು. ಹೊಸ ಸ್ಟ್ರೆಚ್ ಸೂಜಿಯನ್ನು ಹಾಕಿ, ಲೆಗಿನ್ಸಿನ ಬಟ್ಟೆಯದೇ ಒಂದು ಗೇಣುದ್ದದ ತುಂಡನ್ನು ಎರಡು ಪದರ ಮಾಡಿ, ಬಟ್ಟೆಯನ್ನು ಕೈಯಿಂದ ಎಳೆಯದೆ ಹೊಲಿಯಿರಿ. ಆಮೇಲೆ ಹೊಲಿಗೆಯನ್ನು ಉದ್ದಕ್ಕೆ ಎಳೆದು, ತಿರುಗಿಸಿ ಎರಡೂ ಮೈ ನೋಡಿ. ಹೊಲಿಗೆ ಎಲ್ಲಿಯೂ ತಪ್ಪದಿದ್ದರೆ ಮಿಶನ್ ಸರಿಯಾಗಿಯೇ ಇದೆ. ಆಗಲೂ ತಪ್ಪಿದರೆ ಅದೇ ಮಿಶನಿನಲ್ಲಿ ಹೊಸ 14ನೇ ನಂಬ್ರದ ಸಾಮಾನ್ಯ ಸೂಜಿ ಹಾಕಿ ಪಾಪ್ಲಿನ್ ತುಂಡಿನ ಮೇಲೆ ಹೊಲಿದು ನೋಡಿ, ಅಲ್ಲಿಯೂ ತಪ್ಪಿದರೆ ಮಾತ್ರ ಶಟಲಿನ ಟೈಮಿಂಗ್ ನೋಡಿಸಲು ರಿಪೇರಿಯವರನ್ನು ಕರೆಸಿ, ಎರಡು ತುಂಡುಗಳನ್ನೂ ಅವರಿಗೆ ತೋರಿಸಿ.