ವೈರಸ್ ‘ಬೆಳೆದಿಲ್ಲ’ ಎಂದರೆ ಇರಲೇ ಇಲ್ಲವೆ?

ಪ್ರಶ್ನೆ: ನಮ್ಮ ಎರಡು ಎಚ್‌ಎಫ್ ಹಸುಗಳಿಗೆ ವಿಪರೀತ ಜೊಲ್ಲು, ನಾಲಗೆಯ ಮೇಲೆ ಬೊಬ್ಬೆ, ಗೊರಸಿನ ಸಂದಿಯಲ್ಲಿ ಹುಣ್ಣು ಆಗಿತ್ತು. ಡಾಕ್ಟರು ನಾಲಗೆಯ ಸಿಪ್ಪೆಯನ್ನು ಪರೀಕ್ಷೆಗೆ ಕಳಿಸಿದ್ದರು. ‘ಸೆಲ್ ಕಲ್ಚರ್‌ನಲ್ಲಿ ವೈರಸ್ ಬೆಳೆದಿಲ್ಲ’ ಎಂದು ವರದಿ ಬಂದಿದೆ. ಹಾಗಾದರೆ ಇದು ಕಾಲುಬಾಯಿ ಜ್ವರ ಅಲ್ಲವೆ?
– ಹೈನುಗಾರರು, ಚನ್ನರಾಯಪಟ್ಟಣ ತಾಲೂಕು

ಉತ್ತರ: ದಯವಿಟ್ಟು ಹಾಗೆ ತೀರ್ಮಾನಿಸಬೇಡಿ. ಸೆಲ್ ಕಲ್ಚರ್ ಎಂದರೆ ಫ್ಲಾಸ್ಕಿನ ತಳದಲ್ಲಿ ಜೀವಕೋಶಗಳನ್ನು ಬೆಳೆಸಿ, ಅವುಗಳ ಮೇಲೆ ನಿಮ್ಮ ಹಸುವಿನ ಮಾದರಿಯನ್ನು ಹಾಕಿ, ಕೋಶಗಳು ಸಾಯುತ್ತವೆಯೇ ಎಂದು ಕಾಯುವ ಪರೀಕ್ಷೆ. ಇದು ಜೀವಂತ ವೈರಸ್ಸನ್ನು ಮಾತ್ರ ಹಿಡಿಯುತ್ತದೆ. ಹಾಸನದ ಕಡೆಯಿಂದ ಹೊರಟ ಮಾದರಿ ದಾರಿಯಲ್ಲೇ ಕೆಟ್ಟಿದ್ದರೆ, ರೋಗ ನಿಜವಾಗಿದ್ದರೂ ‘ಬೆಳೆದಿಲ್ಲ’ ಎಂದೇ ವರದಿ ಬರುತ್ತದೆ.

ಕಾಲುಬಾಯಿ ವೈರಸ್ಸಿಗೆ ಹುಳಿ ಆಗುವುದಿಲ್ಲ. ಪಿಎಚ್ 6.5ಕ್ಕಿಂತ ಕೆಳಗಿಳಿದರೆ ಬೇಗ ನಾಶವಾಗುತ್ತದೆ. ನಮ್ಮಲ್ಲಿ ಬೊಬ್ಬೆ ಕಂಡ ಕೂಡಲೇ ಬೋರಿಕ್ ಪುಡಿ ಸವರುವುದು, ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಿಂದ ಬಾಯಿ ತೊಳೆಯುವುದು ರೂಢಿ. ಚಿಕಿತ್ಸೆಗೆ ಅದು ಸರಿಯೇ, ಆದರೆ ಮಾದರಿ ತೆಗೆದ ಮೇಲೆ ಮಾಡಬೇಕು. ಅದಕ್ಕೆ ಮೊದಲು ಬರೀ ನೀರಿನಿಂದ ಕೊಳೆ ತೊಳೆದರೆ ಸಾಕು. ಸಿಪ್ಪೆಯನ್ನು ಫಾರ್ಮಲಿನ್‌ನಲ್ಲಿ ಹಾಕಿ ಕಳಿಸುವ ತಪ್ಪೂ ನಡೆಯುತ್ತದೆ. ಅದರಲ್ಲಿ ಅಂಗಾಂಶ ಕೆಡುವುದಿಲ್ಲ ನಿಜ, ವೈರಸ್ ಮಾತ್ರ ಸಾಯುತ್ತದೆ.

ಬೊಬ್ಬೆ ಒಡೆಯದೆ ಇರುವಾಗ ಅಥವಾ ಆಗತಾನೇ ಒಡೆದಾಗ ಸಿಗುವ ಸಿಪ್ಪೆಯಲ್ಲಿ ವೈರಸ್ ಹೆಚ್ಚು. ವಾರ ಕಳೆದು ಮಾಯುತ್ತಿರುವ ಹುಣ್ಣಿನಲ್ಲಿ ಹುಡುಕಿ ಪ್ರಯೋಜನ ಕಡಿಮೆ. ಕನಿಷ್ಠ 1 ಗ್ರಾಂ ಸಿಪ್ಪೆ ಬೇಕು. ಗ್ಲಿಸರಾಲ್ ಮತ್ತು ಫಾಸ್ಫೇಟ್ ಬಫರನ್ನು ಸಮಸಮ ಬೆರೆಸಿ, ಪಿಎಚ್ 7.2ರಿಂದ 7.6ರ ಒಳಗೆ ಇರಿಸಿ, ಆ್ಯಂಟಿಬಯಾಟಿಕ್ ಸೇರಿಸಿದ ದ್ರಾವಣದಲ್ಲಿ ಅದು ಮುಳುಗಿರಬೇಕು. ಸುತ್ತ ಐಸ್ ಇಟ್ಟು ಅದೇ ದಿನ ಹೊರಡಿಸಬೇಕು. ಹಾಸನದಿಂದ ಬೆಂಗಳೂರಿಗೆ ನಾಲ್ಕು ತಾಸಿನ ದಾರಿ, ದೂರ ದೊಡ್ಡ ತೊಡಕಲ್ಲ. ಶನಿವಾರ ಸಂಜೆ ಕಳಿಸಿದ ಪೆಟ್ಟಿಗೆ ಸೋಮವಾರದವರೆಗೆ ಎಲ್ಲೋ ಬಿಸಿಲಲ್ಲಿ ಕೂರುವುದೇ ತೊಡಕು.

ಈಗ ಹೀಗೆ ಮಾಡಿ. ಉಳಿದ ಮಾದರಿಯಲ್ಲಿ ಆರ್‌ಟಿ-ಪಿಸಿಆರ್ ಮಾಡಲು ಸಾಧ್ಯವೇ ಎಂದು ಡಾಕ್ಟರ ಮೂಲಕ ಕೇಳಿಸಿ. ಸತ್ತ ವೈರಸ್ಸಿನ ಆರ್‌ಎನ್‌ಎಯನ್ನೂ ಅದು ಗುರುತಿಸಬಲ್ಲದು. ರೋಗ ಕಂಡು ಎರಡು–ಮೂರು ವಾರದ ನಂತರ ರಕ್ತ ತೆಗೆಸಿ ಎನ್‌ಎಸ್‌ಪಿ ಎಲೈಸಾ ಮಾಡಿಸಬಹುದು. ಅದು ಹುಡುಕುವ ಪ್ರತಿಕಾಯಗಳು ಸೋಂಕಿನಿಂದ ಹುಟ್ಟುತ್ತವೆ. ಶುದ್ಧೀಕರಿಸಿದ ಲಸಿಕೆಯಿಂದ ಸಾಮಾನ್ಯವಾಗಿ ಹುಟ್ಟುವುದಿಲ್ಲ. ಅಲ್ಲಿಯವರೆಗೆ ಕಾಲುಬಾಯಿ ಎಂದೇ ಎಣಿಸಿ: ಆ ಹಸುಗಳನ್ನು ಸಂತೆಗೆ ಹೊಡೆಯಬೇಡಿ, ಕೊಟ್ಟಿಗೆಯ ನೆಲವನ್ನು 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡ ಕರಗಿಸಿ ತೊಳೆಯಿರಿ.

ಪ್ರಶ್ನೆ: ಪ್ರಯೋಗಾಲಯದ ತರಬೇತಿಯಲ್ಲಿದ್ದೇನೆ. ಬಿಎಚ್‌ಕೆ-21 ಕೋಶಗಳಿಗೆ (ಹ್ಯಾಮ್‌ಸ್ಟರ್ ಮರಿಯ ಮೂತ್ರಪಿಂಡದಿಂದ ಬಂದ, ಸೆಲ್ ಕಲ್ಚರ್‌ಗೆ ಬಳಸುವ ಕೋಶಗಳು) ಮಾದರಿ ಹಾಕಿದ ಮರುದಿನ ಬೆಳಿಗ್ಗೆಯೇ ಕೋಶಗಳೆಲ್ಲ ಉದುರಿದ್ದವು. ಪಾಸಿಟಿವ್ ಎಂದು ಬರೆಯಬಹುದೆ?
– ವಿದ್ಯಾರ್ಥಿನಿ, ಹಾಸನ

ಉತ್ತರ: ತಡೆಯಿರಿ. ಮೊದಲು ಮಾದರಿ ಹಾಕದ ಕಂಟ್ರೋಲ್ ಫ್ಲಾಸ್ಕ್ ನೋಡಿ. ಅದರಲ್ಲೂ ಕೋಶಗಳು ಉದುರಿದ್ದರೆ ತಪ್ಪು ಮೀಡಿಯಂನದ್ದೋ (ಕೋಶಗಳನ್ನು ಪೋಷಿಸುವ ದ್ರವ) ಇನ್‌ಕ್ಯುಬೇಟರಿನದ್ದೋ. ಆ ದಿನದ ಫಲಿತಾಂಶವನ್ನೇ ಬಿಡಬೇಕು. ಕಂಟ್ರೋಲ್ ಚೆನ್ನಾಗಿದ್ದರೆ ಮೀಡಿಯಂ ಗಮನಿಸಿ. ಗುಲಾಬಿಗೆಂಪು ಹೋಗಿ ಹಳದಿಗೆ ತಿರುಗಿ ಮಬ್ಬಾಗಿದ್ದರೆ ಬ್ಯಾಕ್ಟೀರಿಯಾ ಸೇರಿದೆ. ಹತ್ತಿಯ ಎಳೆಯಂಥದ್ದು ತೇಲುತ್ತಿದ್ದರೆ ಬೂಷ್ಟು. ವೈರಸ್ ಮೀಡಿಯಮ್ಮನ್ನು ಹೀಗೆ ಕದಡುವುದಿಲ್ಲ.

ಮೀಡಿಯಂ ತಿಳಿಯಾಗಿದ್ದೂ ಕೋಶಗಳು ಸತ್ತಿದ್ದರೆ ಎರಡು ಸಾಧ್ಯತೆ: ವೈರಸ್, ಇಲ್ಲವೆ ಅಂಗಾಂಶದ ರಸದ ವಿಷ. ವಿಷವಾದರೆ ಕೆಲವೇ ಗಂಟೆಗಳಲ್ಲಿ ಇಡೀ ಪದರ ಒಂದೇ ಸಮನೆ ಸಾಯುತ್ತದೆ. ವೈರಸ್ಸಾದರೆ ಅಲ್ಲಲ್ಲಿ ಕೋಶಗಳು ದುಂಡಾಗಿ, ಹೊಳೆದು, ಕಳಚಿ, ಖಾಲಿ ಜಾಗ ಹಿಗ್ಗುತ್ತ ಹೋಗುತ್ತದೆ. ಕಾಲುಬಾಯಿ ವೈರಸ್ ಜೋರಾಗಿದ್ದರೆ 24 ಗಂಟೆಯಲ್ಲೇ ಪದರ ಪೂರ್ತಿ ಹೋಗಬಹುದು, ಆದ್ದರಿಂದ ರಾತ್ರಿ ಒಂದು ಸಲ ನೋಡದೆ ಬಿಟ್ಟಿರಾದರೆ ಎರಡನ್ನೂ ಬೇರೆ ಮಾಡುವುದು ಕಷ್ಟ. ಆಗ ಆ ದ್ರವವನ್ನು ಹತ್ತು ಪಟ್ಟು ತೆಳುಮಾಡಿ ಹೊಸ ಫ್ಲಾಸ್ಕಿಗೆ ಹಾಕಿ. ವಿಷ ತೆಳುವಾಗಿ ಮಾಯವಾಗುತ್ತದೆ, ವೈರಸ್ ಮತ್ತೆ ಬೆಳೆದು ಕೊಲ್ಲುತ್ತದೆ.

ಬಹುಪಾಲು ಎಡವಟ್ಟು ಮಾದರಿ ತಯಾರಿಯಲ್ಲೇ ಆಗುವುದರಿಂದ ಕ್ರಮವನ್ನು ಒಮ್ಮೆ ಸರಿನೋಡಿ. ಸಿಪ್ಪೆಯ ಗ್ಲಿಸರಾಲನ್ನು ಬಫರಿನಲ್ಲಿ ತೊಳೆದು, ಒತ್ತಿ ಒಣಗಿಸಿ ತೂಗಬೇಕು. ಉಳಿದ ಗ್ಲಿಸರಾಲ್ ಕೂಡ ಕೋಶಗಳಿಗೆ ವಿಷವೇ. 1 ಗ್ರಾಂ ಸಿಪ್ಪೆಯನ್ನು ಶುದ್ಧ ಮರಳಿನೊಂದಿಗೆ ಖಲ್ಲಿನಲ್ಲಿ ಅರೆದು, ಆ್ಯಂಟಿಬಯಾಟಿಕ್ ಇರುವ 9 ಮಿ.ಲೀ. ಮೀಡಿಯಂ ಸೇರಿಸಿ. 2000 ಜಿ ಬಲದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆದುಕೊಳ್ಳಿ. ಅದನ್ನು ಕೋಶದ ಪದರದ ಮೇಲೆ 37 ಡಿಗ್ರಿಯಲ್ಲಿ ಒಂದು ಗಂಟೆ ಬಿಡಬೇಕು. ನಡುನಡುವೆ ಫ್ಲಾಸ್ಕನ್ನು ಮೆಲ್ಲಗೆ ವಾಲಿಸುತ್ತಿರಿ, ಇಲ್ಲದಿದ್ದರೆ ಮಧ್ಯದ ಕೋಶಗಳು ಒಣಗಿ ಸಾಯುತ್ತವೆ. ಆಮೇಲೆ ಆ ದ್ರವ ತೆಗೆದು, ಶೇ. 2ರಷ್ಟು ಸೀರಮ್ ಇರುವ ಮೀಡಿಯಂ ಹಾಕಿ. ಲಸಿಕೆ ಪಡೆದ ದನದ ಸೀರಮ್ ಬಳಸಿದರೆ ಅದರ ಪ್ರತಿಕಾಯಗಳೇ ವೈರಸ್ಸನ್ನು ಕಟ್ಟಿಹಾಕುತ್ತವೆ. 48 ಗಂಟೆಯಲ್ಲಿ ಏನೂ ಕಾಣದಿದ್ದರೆ ಫ್ಲಾಸ್ಕನ್ನು ಫ್ರೀಜ್ ಮಾಡಿ ಕರಗಿಸಿ, ಒಳಗಿನದನ್ನು ಹೊಸ ಕೋಶಗಳಿಗೆ ಹಾಕಿ ಇನ್ನೂ 48 ಗಂಟೆ ಕಾಯಿರಿ. ಈ ಎರಡನೇ ಸುತ್ತು ಮಾಡದೆ ನೆಗೆಟಿವ್ ಬರೆಯಕೂಡದು.

ಕೋಶ ಸತ್ತ ಬಗೆ ಸುಳಿವು ಮಾತ್ರ, ಹೆಸರಲ್ಲ. ಕುರಿ–ಮೇಕೆಗಳ ಪಿಪಿಆರ್ ವೈರಸ್ ಕೋಶಗಳನ್ನು ಒಂದಕ್ಕೊಂದು ಬೆಸೆದು, ಕೋಶಕೇಂದ್ರಗಳನ್ನು ಗಡಿಯಾರದ ಅಂಕಿಗಳಂತೆ ಸುತ್ತ ಜೋಡಿಸುತ್ತದೆ. ಚರ್ಮಗಂಟು ರೋಗದ್ದಕ್ಕೆ ಎರಡು ವಾರವೂ ಬೇಕಾಗಬಹುದು. ದನಗಳಲ್ಲಿ ಭೇದಿ ತರುವ ಬಿವಿಡಿ ವೈರಸ್ಸಿನ ಎಷ್ಟೋ ತಳಿಗಳು ಕೋಶವನ್ನು ಕೊಲ್ಲುವುದೇ ಇಲ್ಲ. ಕಾಲುಬಾಯಿಯದ್ದೇ ಎಂದು ಬರೆಯಲು, ಅದು ಓ, ಎ, ಏಷ್ಯಾ-1 ಎಂಬ ಬಗೆಗಳಲ್ಲಿ ಯಾವುದೆಂದು ಹೇಳಲು, ಆ ದ್ರವವನ್ನು ಎಲೈಸಾ ಅಥವಾ ಪಿಸಿಆರ್‌ಗೆ ಹಾಕಲೇಬೇಕು.

ಪ್ರಶ್ನೆ: ಪಿಸಿಆರ್ ಕೆಲವೇ ಗಂಟೆಗಳಲ್ಲಿ ಉತ್ತರ ಕೊಡುವಾಗ ದಿನಗಟ್ಟಲೆ ಕಾಯುವ ಈ ವಿಧಾನ ಏಕೆ ಬೇಕು?
– ಓದುಗರು, ಕಡೂರು

ಉತ್ತರ: ರೋಗ ಪತ್ತೆಗಷ್ಟೇ ಆದರೆ ಪಿಸಿಆರ್ ಸಾಕು. ಆದರೆ ಹಾಲಿ ಲಸಿಕೆ ಈ ವೈರಸ್ಸನ್ನು ತಡೆಯುತ್ತದೆಯೇ ಎಂದು ನೋಡಲು ಜೀವಂತ ವೈರಸ್ ಕೈಯಲ್ಲಿರಬೇಕು. ಲಸಿಕೆ ಪಡೆದ ದನದ ಸೀರಮ್ ಲಸಿಕೆಯ ತಳಿಯನ್ನು ಎಷ್ಟು ತಡೆಯುತ್ತದೆ, ಹೊಸ ತಳಿಯನ್ನು ಎಷ್ಟು ತಡೆಯುತ್ತದೆ ಎಂದು ಹೋಲಿಸುತ್ತಾರೆ. ಹೊಸ ತಳಿಯ ಲೆಕ್ಕವನ್ನು ಲಸಿಕೆ ತಳಿಯ ಲೆಕ್ಕದಿಂದ ಭಾಗಿಸಿದಾಗ 0.3ಕ್ಕಿಂತ ಕಡಿಮೆ ಬಂದರೆ ಲಸಿಕೆಯ ತಳಿ ಬದಲಿಸುವ ಯೋಚನೆ ಮಾಡಬೇಕಾಗುತ್ತದೆ. ನಿಮ್ಮೂರಿನ ಒಂದು ಒಳ್ಳೆಯ ಮಾದರಿ ಇಡೀ ಜಿಲ್ಲೆಯ ದನಗಳಿಗೆ ಉಪಯೋಗಕ್ಕೆ ಬರುವುದು ಇಲ್ಲಿ.

ಪ್ರಶ್ನೆ: ಮಂಗನ ಕಾಯಿಲೆಯ ವೈರಸ್ಸನ್ನೂ ಹೀಗೆ ನಮ್ಮ ಜಿಲ್ಲೆಯಲ್ಲೇ ಬೆಳೆಸಿ ನೋಡಬಾರದೆ?
– ಓದುಗರು, ಕೊಪ್ಪ

ಉತ್ತರ: ಬಾರದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಪತ್ತೆಯಾದ ಈ ವೈರಸ್, ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೂ ಅಂಟುತ್ತದೆ. ಬೆಳೆಸಿದಾಗ ಒಂದು ಫ್ಲಾಸ್ಕಿನಲ್ಲೇ ಅದರ ಪ್ರಮಾಣ ಅಪಾರವಾಗುತ್ತದೆ. ಹಾಗಾಗಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂತಹ, ಅತ್ಯುನ್ನತ ಜೈವಿಕ ಸುರಕ್ಷತೆಯಿರುವ ಕಡೆ ಮಾತ್ರ ಈ ಕೆಲಸ ನಡೆಯಬೇಕು. ರೋಗಿಗೆ ಅದರ ಅಗತ್ಯವೂ ಇಲ್ಲ: ಜ್ವರದ ಮೊದಲ ದಿನಗಳ ರಕ್ತದಲ್ಲಿ ಆರ್‌ಟಿ-ಪಿಸಿಆರ್, ತಡವಾಗಿ ಬಂದವರಿಗೆ ಐಜಿಎಂ ಎಲೈಸಾ (ಸೋಂಕಾದ ಮೇಲೆ ಮೊದಲು ಹುಟ್ಟುವ ಪ್ರತಿಕಾಯ ಹುಡುಕುವ ಪರೀಕ್ಷೆ). ಕಾಡಿಗೆ ಸೊಪ್ಪು, ತರಗೆಲೆಗೆ ಹೋಗಿಬಂದ ಮೇಲೆ ಜ್ವರ ಬಂದರೆ ಅದನ್ನು ಆಸ್ಪತ್ರೆಯಲ್ಲಿ ತಪ್ಪದೆ ಹೇಳಿ, ಜ್ವರ ಶುರುವಾದ ದಿನ ಯಾವುದೆಂದೂ ಬರೆಸಿ. ಎರಡರಲ್ಲಿ ಯಾವ ಪರೀಕ್ಷೆ ಮಾಡಬೇಕೆಂದು ತಿಳಿಯುವುದು ಆ ದಿನದ ಲೆಕ್ಕದಿಂದಲೇ.